ಯಾಂಗ್ಚೆನ್ ಮಾರಿದ ಬ್ರೂಚು

ಕೌದಳ್ಳಿ
೬ ಫೆಬ್ರವರಿ ೨೦೨೬, ಶುಕ್ರವಾರ

ಮಾದೂ,

ಹೇಗಿದ್ದೀಯ? ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯೋ ಇಲ್ಲವೋ? ಬಾಣಂತಿ ಆಶಾರಾಣಿಯೂ ಕೂಸೂ ಚೆನ್ನಾಗಿದ್ದಾರೆಂದು ಅಳಿಯಂದಿರು ಹೇಳಿದರು. ಮಾಂಬಳ್ಳಿಯ ನೀರು ನಿನಗೆ ಒಗ್ಗಿತು ಅನ್ನು. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಗೆಳತಿ ಎದೆಗೆ ಚುಚ್ಚಿಕೊಳ್ಳುವ ಆ ಬ್ರೂಚಿಗಾಗಿ ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿಗೆ ಮೂರು ಸಲ ಅಲೆದೆ. ‘ಯಾಂಗ್ಚೆನ್ ಮಾರ್ತಾವ್ಳಂತೆ, ಬ್ಯಾರೆಯೋರ ಕೈಗೆ ಓಗೋಕೆ ಮುಂಚೆ ತಕಂಬನ್ನಿ’ ಎಂದು ಅಪ್ಪಣೆ ಕೊಡುವುದು ನಿನಗೆ ಸುಲಭ. ಆಶಾ ಹುಟ್ಟಿದ ವರ್ಷ ನಿನಗೆ ಕಾಮಾಲೆಯಾದಾಗ ತಿಂಗಳುಗಟ್ಟಲೆ ಗಂಜಿ ತಂದುಕೊಟ್ಟವರು ಅವರು, ನಾನೇನೂ ಮರೆತಿಲ್ಲ. ಆದರೂ ಸೆರಗಿಗೆ ಒಂದು ಪಿನ್ನು ಹಾಕದವಳು ಅಂಗೈಯಗಲದ ಈ ಹಳೇ ಬೆಳ್ಳಿಯನ್ನು ಎಲ್ಲಿಗೆ ಚುಚ್ಚಿಕೊಳ್ಳುತ್ತೀಯೋ ನಾ ಕಾಣೆ. ಮೊದಲ ಸಲ ಉಪ್ಪು ಹಾಕಿದ ಬೆಣ್ಣೆ ಚಹಾ ಕುಡಿಸಿ ಕಳಿಸಿದರು. ಎರಡನೇ ಸಲವೂ ಚಹಾ. ‘ಎಷ್ಟು ಕೊಡ್ಲಿ ಏಳವ್ವಾ’ ಅಂದರೆ, ‘ಮಾದಮ್ಮಂಗೆ ರೇಟ್ ಹೆಂಗೆ ಹೇಳೋದು ಅಣ್ಣ’ ಎಂದು ನಗುತ್ತಾರೆ. ಪುಕ್ಕಟೆ ತಂದರೆ ನೀನು ಮನೆಯೊಳಕ್ಕೆ ಬಿಡುವವಳಲ್ಲ. ನಿಮ್ಮಿಬ್ಬರ ನಡುವೆ ನಾನು ಸಿಕ್ಕಿಕೊಂಡೆ.

ನಿನ್ನೆ ಹೋದರೆ ಕೊಳ್ಳೇಗಾಲದ ಬೆಳ್ಳಿ ವ್ಯಾಪಾರಿ ಚಿನ್ನಸ್ವಾಮಿ ತಕ್ಕಡಿ ಹಿಡಿದು ಕೂತಿದ್ದ. ‘ಬೆಳ್ಳಿ ತೂಕದ ಮೇಲೆ ತಕತೀನಿ. ನಡುವಿರೋ ಅಳದಿ ಪ್ಲಾಸ್ಟಿಕ್ಕ ಕಿತ್ತಾಕ್ಬೇಕು’ ಅಂದ. ಯಾಂಗ್ಚೆನ್ ಆ ಹಳದಿ ಬಿಲ್ಲೆಯನ್ನು ಶಾಲಿಗೆ ಗಸಗಸ ಉಜ್ಜಿ ಅವನ ಮೂಗಿಗೆ ಹಿಡಿದರು. ನಾನೂ ಮೂಸಿದೆ. ಧೂಪದ ಹಾಗೆ ಸಣ್ಣ ಘಮಲು. ‘ಆಂಬರ್ ಇದು. ಹಳೇ ಕಾಲದ ಮರದ ಅಂಟು. ನಮ್ಮಮ್ಮ ಟಿಬೆಟ್ಟಿಂದ ನಡೆದು ಬಂದಾಗ ಎದೆ ಮೇಲಿತ್ತು’ ಅಂದರು. ಆದರೂ ಆ ಮನುಷ್ಯ ಬಿಲ್ಲೆ ಎಬ್ಬಿಸಲು ಚಿಮಟ ತೆಗೆದ. ನನಗೇನಾಯಿತೋ, ‘ಮುಟ್ಬ್ಯಾಡ ಕಣಯ್ಯ, ಅದು ನಮ್ಮನೇವಳ್ದು!’ ಎಂದು ಕೂಗಿಬಿಟ್ಟೆ. ಗೊಣಗಿಕೊಂಡು ಎದ್ದುಹೋದ. ಅವನು ತೂಕಕ್ಕೆ ಕಟ್ಟಿದ ಬೆಲೆಗಿಂತ ಹೆಚ್ಚಿಗೇ ದುಡ್ಡನ್ನು ಅವರ ಕೈಗೆ ತುರುಕಿ ಬಂದೆ. ಈ ವರ್ಷ ಫ್ರಿಜ್ಜಿನ ಮಾತೆತ್ತಬೇಡ.

ಪೊಟ್ಟಣವನ್ನು ನಮ್ಮೂರ ನಿಂಗರಾಜುವಿನ ಬಾಡಿಗೆ ಕಾರಿನಲ್ಲಿ ಕಳಿಸುತ್ತಿದ್ದೇನೆ. ಸೂಜಿ ಚೂಪಾಗಿದೆ, ಕೂಸಿನಿಂದ ದೂರವಿಡು. ಮಗಳನ್ನೂ ಮೊಮ್ಮಗುವನ್ನೂ ಮಾದಪ್ಪ ಕಾಯಲಿ.

ನಿನ್ನ ಕಾಟಕ್ಕೆ ಸಾಕಾದ,
ಪುಟ್ಟಸಿದ್ದಯ್ಯ

ತಾ.ಕ.: ನಿಂಗರಾಜು ಹಾರ್ನ್ ಹೊಡೆಯುತ್ತಿದ್ದಾನೆ. ಯಾಂಗ್ಚೆನ್ ಸೋಮವಾರ ಹಿಮಾಚಲದ ಮಗಳ ಮನೆಗೆ ಹೊರಡುತ್ತಾರೆ. ಇಲ್ಲಿಯ ಮನೆ ಬಿಟ್ಟುಕೊಟ್ಟಾಗಿದೆ, ಇನ್ನು ಬರುವುದಿಲ್ಲ. ‘ಮಾದಮ್ಮಂಗೆ ಹೇಳ್ಬೇಡಿ ಅಣ್ಣ, ಬಾಣಂತನ ಬಿಟ್ಟು ಓಡಿ ಬರ್ತಾಳೆ’ ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ಹೇಳಿಬಿಟ್ಟೆ. ಎರಡು ದಿನ ಆಶಾಳನ್ನು ಬೀಗಿತ್ತಿಯವರು ನೋಡಿಕೊಳ್ಳುತ್ತಾರೆ, ಫೋನು ಮಾಡಿ ಒಪ್ಪಿಸಿದ್ದೇನೆ. ಇದೇ ಕಾರು ಹತ್ತಿ ಬಾ.