ಬೆಳೆಯದ ಹೊಲಕ್ಕೆ ಸಹಾಯಧನ

ಮನೆಯಿಂದ, ಭಾನುವಾರ ಮಧ್ಯಾಹ್ನ

ಪೂಜ್ಯ ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಆಪರೇಷನ್ ಆದ ಕಾಲನ್ನು ನೆಲಕ್ಕೆ ಊರುತ್ತಿದ್ದೀರೆಂದು ನಾದಿನಿ ಹೇಳಿದಳು. ಆಗಲೇ ಅವಳ ಮನೆಯ ಗೋಡೆಗೆ ಸುಣ್ಣ ಬಳಿಯಲು ಹೊರಟಿದ್ದಿರಂತೆ. ಸುಮ್ಮನೆ ಕೂರುವುದು ನಿಮ್ಮ ಹಣೆಯಲ್ಲಿ ಬರೆದಿಲ್ಲ ಬಿಡಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ.

ಹೊಲದ ಸುದ್ದಿ ಬೇರೆಯವರ ಬಾಯಿಂದ ನಿಮಗೆ ತಲುಪಬಾರದು. ನಾವು ಗೇಣಿಗೆ ಮಾಡುತ್ತಿದ್ದ ಇಳಿಜಾರಿನ ಹೊಲ ಕೈಬಿಟ್ಟಿತು. ನೀವು ಅತ್ತ ಹೊರಟ ವಾರವೇ ಅದರ ಯಜಮಾನರು, ಪೇಟೆಯ ಹಲ್ಲಿನ ಡಾಕ್ಟರು, ತಾವೇ ಬಂದಿದ್ದರು. ಮಣ್ಣಿಗೆ ವಿಶ್ರಾಂತಿ ಬೇಕೆಂದು ಸರ್ಕಾರ ಹೊಸ ಯೋಜನೆ ತಂದಿದೆಯಂತೆ. ಕೆಲವು ವರ್ಷ ಏನೂ ಬೆಳೆಯದೆ ಪಾಳು ಬಿಟ್ಟರೆ ಸಹಾಯಧನ. ಅವರೇನೂ ಕೆಟ್ಟ ಮನುಷ್ಯರಲ್ಲ. ಸಕ್ಕರೆ ಇಲ್ಲದ ಚಹಾ ಕುಡಿದು, ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. “ಗೇಣಿಗಿಂತ ಜಾಸ್ತಿನೇ ಕೊಡ್ತಾರಮ್ಮ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ?” ಅಂದರು. ಅವರ ಜಾಗದಲ್ಲಿ ನಾನು ಎಂದೂ ಇದ್ದವಳಲ್ಲ. ಪಕ್ಕದಲ್ಲಿ ಕೂತಿದ್ದ ಇವರು, ನಿಮ್ಮ ಮಗ, ಎದ್ದು ಹೊರಗೆ ಹೋದರು. ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುತ್ತಾರೆ. ಇಲ್ಲಿ ಹಲ್ಲೂ ಕಡಲೆಯೂ ಒಬ್ಬರ ಹತ್ತಿರವೇ ಸೇರಿಕೊಂಡಿವೆ.

ಮನಸ್ಸು ತಡೆಯದೆ ಕೃಷಿ ಕಚೇರಿಗೆ ಹೋದೆ. ಸಹಾಯಧನ ಭೂಮಿ ಯಾರ ಹೆಸರಲ್ಲಿದೆಯೋ ಅವರಿಗೆ, ಗೇಣಿಯವರಿಗಲ್ಲ ಅಂದ ಗುಮಾಸ್ತ. ಆ ಹೊಲದ ಕಲ್ಲು ಆರಿಸಿ ಬದು ಕಟ್ಟಿದವರು ನಮ್ಮ ಮಾವ ಅಂದೆ. “ನಿಜ ಇರಬಹುದಮ್ಮ. ಕಲ್ಲು ಆರಿಸಿದವರಿಗೆ ಅಂತ ಇಲ್ಲಿ ಕಾಲಂ ಇಲ್ಲ” ಅಂದ. ನನಗೂ ಬಾಯಿ ಬಂತು. “ಸುಮ್ಮನಿರೋದಕ್ಕೇ ದುಡ್ಡಾದ್ರೆ, ಈಗ ಸುಮ್ಮನೆ ಕೂರಬೇಕಾಗಿರೋರು ನಾವಲ್ವಾ?” ಅಂದೆ. ಅವನು ನಕ್ಕ. ಆಮೇಲೆ ನನ್ನ ಮುಖ ನೋಡಿ, ಕುರ್ಚಿ ಎಳೆದು ನೀರು ಕೊಟ್ಟ. ಅವನಿಂದ ಆಗುತ್ತಿದ್ದದ್ದು ಅಷ್ಟೇ.

ಇವರು ಈಗ ಶೀತಲ ಗೋದಾಮಿನಲ್ಲಿ ಮೂಟೆ ಜೋಡಿಸಲು ಹೋಗುತ್ತಾರೆ. ಬಂದ ಮೇಲೂ ಬಹಳ ಹೊತ್ತು ಕೈ ಬಿಸಿಯಾಗುವುದಿಲ್ಲ. ಅಪ್ಪ ಊರಲ್ಲೇ ಇದ್ದಿದ್ದರೂ ಹೊಲ ಹೀಗೇ ಕೈಬಿಡುತ್ತಿತ್ತು ಎನ್ನುತ್ತಾರೆ. ಇರಬಹುದು. ಆದರೂ ಬಿಡುವ ಮುಂಚೆ ನೀವೊಮ್ಮೆ ಆ ಹೊಲದಲ್ಲಿ ನಡೆದಾಡಬೇಕಿತ್ತು. ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಮೊಮ್ಮಗಳು ನಿಮ್ಮ ಮಂಚ ಹಿಡಿದುಬಿಟ್ಟಿದ್ದಾಳೆ. ತಾತ ಬಂದರೆ ಗೋಡೆ ಕಡೆ ಜಾಗ ಕೊಡುತ್ತಾಳಂತೆ. ನಾದಿನಿಗೆ ನಮ್ಮೆಲ್ಲರ ನೆನಪು ತಿಳಿಸಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ,
ನಿಮ್ಮ ಸೊಸೆ

ಮ.ವಿ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಪಾಳು ಹೊಲದಲ್ಲಿ ಕಳೆ ಎದ್ದರೆ ಸಹಾಯಧನ ನಿಲ್ಲಿಸುತ್ತಾರಂತೆ. ಕಳೆ ಕೊಯ್ಯುವ ಕೂಲಿಗೆ ಡಾಕ್ಟರು ನನ್ನನ್ನೇ ಕರೆದರು. ಒಪ್ಪಿಕೊಂಡೆ. ನಿನ್ನೆ ಹೋಗಿದ್ದೆ. ಹಿಂದಿನ ಸಲ ಅಗೆಯುವಾಗ ಮಣ್ಣಲ್ಲೇ ಉಳಿದಿದ್ದ ಆಲೂಗಡ್ಡೆ ಚಿಗುರಿ, ನಮ್ಮ ಸಾಲುಗಳಲ್ಲೇ ಹೂ ಬಿಟ್ಟಿತ್ತು. ಹೊಲದಲ್ಲಿ ಬೆಳೆ ಅನ್ನುವುದೇನೂ ಉಳಿಯಬಾರದಂತೆ. ಅದನ್ನೂ ಕೊಯ್ದೆ. ನೀವು ಬರುವ ದಿನ ಇಳಿಜಾರಿನ ದಾರಿ ಬೇಡ ಮಾವ, ಶಾಲೆಯ ಹಿಂದಿನ ರಸ್ತೆಯಿಂದ ಬನ್ನಿ.