ಎಳೆಸದೇ ಹೋದ ವೈರು

ನಾಗೇಂದ್ರ,

‘ಚಿರಂಜೀವಿ’ ಎಂದು ಬರೆಯಹೊರಟೆ, ಕೈ ಬರಲಿಲ್ಲ. ‘ಅಕ್ಕ ಒಂದು ವೈರಿಗೋಸ್ಕರ ತಮ್ಮನ್ನ ಬಿಟ್ಲು’ ಎಂದು ಅಮ್ಮನ ಹತ್ತಿರ ನೀನು ಅತ್ತಿದ್ದೆಯಂತೆ. ಫೋನಿನಲ್ಲಿ ನಿನ್ನ ದನಿ ಕೇಳಲು ಮನಸ್ಸಿಲ್ಲ, ಅದಕ್ಕೇ ಕಾಗದ.

ಪಾಂಡವಪುರದಲ್ಲಿ ನರ್ಸಿಂಗ್ ಹೋಮ್ ಕಟ್ಟಿದಾಗ ರೋಗಿಗಳು ನನಗೆ, ಆಡಳಿತ ನಿನಗೆ ಎಂದಾಗಿತ್ತು. ರೋಗಿಯ ಉಸಿರು, ನಾಡಿ ಅಳೆಯುವ ಮಂಚದ ಪಕ್ಕದ ಮಾನಿಟರಿನಿಂದ ನರ್ಸುಗಳ ಮೇಜಿನ ಪರದೆಗೆ ವೈರೋ ವೈಫೈಯೋ ಎಂಬ ಮಾತು ಬಂದಾಗ ನೀನು ನಕ್ಕಿದ್ದೆ. “ಈ ಕಾಲ್ದಲ್ಲೂ ಯಾರಾದ್ರೂ ವೈರು ಎಳೆಸ್ತಾರಾ ಅಕ್ಕ? ಇಷ್ಟು ಚೆಂದದ ಗೋಡೆ ಕೊರೆಯೋದಾ?” ನಿನ್ನ ಆಫೀಸಿಗೆ, ಬಂದುಹೋಗುವವರ ಮೊಬೈಲಿಗೆ ವೈಫೈ ಇರಲಿ, ವಾರ್ಡಿಗೆ ಮಾತ್ರ ವೈರೇ ಆಗಬೇಕು, ಆ ದಾರಿಯಲ್ಲಿ ಬೇರೆಯವರು ನುಗ್ಗಿ ಅಡ್ಡವಾಗುವುದಿಲ್ಲ ಎಂದು ನಾನು ಹಟ ಹಿಡಿದೆ. ಆಮೇಲೆ ನೀನೇ ಬಂದು, “ಸೀಲಿಂಗ್ ಒಳಗೆ ಎಳೆಸಿದೀನಿ, ಕಣ್ಣಿಗೇ ಕಾಣಲ್ಲ, ಖುಷೀನಾ?” ಎಂದೆ. ತಮ್ಮನ ಮಾತನ್ನು ಯಾರಾದರೂ ಏಣಿ ಹಾಕಿ ನೋಡುತ್ತಾರೆಯೇ?

ಕ್ರಿಕೆಟ್ ಫೈನಲ್ ಇದ್ದ ಆ ಭಾನುವಾರ ಮಧ್ಯಾಹ್ನ ನಿನ್ನ ‘ಉಚಿತ ವೈಫೈ’ ಬೋರ್ಡಿನ ಕೆಳಗೆ ಬಂದವರೆಲ್ಲ ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಾ ಕೂತಿದ್ದರು. ಒಳಗೆ ಸಿಂಧಘಟ್ಟದ ಲಕ್ಷ್ಮಿದೇವಮ್ಮನ ಉಸಿರು ಕುಸಿಯುತ್ತಿತ್ತು. ಮುಚ್ಚಿದ ಬಾಗಿಲ ಹಿಂದೆ ಮಾನಿಟರು ಕೂಗುತ್ತಲೇ ಇತ್ತು. ಅದು ಹಾಗೇ ಕೂಗುವ ಯಂತ್ರವೆಂದು ಗಂಡ ಕರಿಯಯ್ಯ ಸುಮ್ಮನೆ ಪಕ್ಕದಲ್ಲಿ ಕೂತಿದ್ದ. ಮೇಜಿನ ಮುಂದಿದ್ದ ನರ್ಸ್ ಶ್ವೇತಳ ಪರದೆ ಮಾತ್ರ ಆಗಲೇ ನಿಂತುಹೋಗಿ, ಹಳೆಯ ಒಳ್ಳೆಯ ಅಂಕಿಗಳನ್ನೇ ತೋರಿಸುತ್ತಿತ್ತು. ಕರಿಯಯ್ಯ ಕಿರುಚಿಕೊಂಡು ಹೊರಗೆ ಓಡಿಬಂದ ಮೇಲೆಯೇ ನಮಗೆಲ್ಲ ಗೊತ್ತಾದದ್ದು.

ನಾನು ಹೇಗೋ ಜೀವ ಉಳಿಸಿದೆ. ಆದರೆ ಕಣ್ಣು ಬಿಟ್ಟ ಆಕೆ ಗಂಡನನ್ನೇ ನೋಡಿ, “ನೀವ್ಯಾರಪ್ಪ?” ಎಂದಳು.

ಆಗ ನೀನೇನು ಮಾಡಿದೆ? ಕರಿಯಯ್ಯನ ಹೆಗಲ ಮೇಲೆ ಕೈಯಿಟ್ಟು, “ನರ್ಸು ಮೊಬೈಲಲ್ಲಿ ಮ್ಯಾಚ್ ನೋಡ್ತಾ ಕೂತಿದ್ಲು ಯಜಮಾನ್ರೇ, ಕೆಲಸದಿಂದ ತೆಗೆದುಹಾಕಿದೀನಿ” ಎಂದೆ. ಆತ ಶ್ವೇತಳ ಮುಂದೆ ನಿಂತು, “ನಿಮ್ಮವ್ವಂಗೂ ಇಂಗೇ ಮಾಡ್ತಿದ್ದೇನವ್ವಾ?” ಎಂದು ಕೇಳಿದ. ಆ ಹುಡುಗಿ ಅಳುತ್ತಾ ನನ್ನ ಕೋಣೆಗೆ ಬಂದು, “ಪರದೇನೇ ನಿಂತೋಗಿತ್ತು ಮೇಡಂ, ನಮ್ಮವ್ವನಾಣೆ” ಎಂದಳು. ತಕ್ಷಣ ಎಲೆಕ್ಟ್ರಿಷಿಯನ್ನನ್ನು ಕರೆಸಿ ವಾರ್ಡಿನ ಸೀಲಿಂಗಿನ ಹಲಗೆ ಬಿಚ್ಚಿಸಿದೆ. ಧೂಳಿತ್ತು, ಸತ್ತ ಹಲ್ಲಿ ಇತ್ತು. ವೈರು ಇರಲಿಲ್ಲ. ವಾರ್ಡಿನ ಪರದೆಯೂ ನಿನ್ನ ಆ ಉಚಿತ ವೈಫೈಯಲ್ಲೇ ನಡೆಯುತ್ತಿತ್ತು. ಕೆಳಗೆ ನಿಂತು ಅದನ್ನೆಲ್ಲ ನೋಡಿದ ನೀನು ಅಂದದ್ದು ಇಷ್ಟೇ: “ಬದುಕಿದ್ಲಲ್ಲ ಅಕ್ಕ, ಬಿಡು.”

ಥೂ! ಒಂದೇ ತಟ್ಟೆಯಲ್ಲಿ ಉಂಡವನು ಇವನೇನಾ ಅನ್ನಿಸಿತು. ಸುಳ್ಳಿಗಿಂತ, ಆ ‘ಬಿಡು’ ನನಗೆ ಹೇಸಿಗೆ ಹುಟ್ಟಿಸಿತು.

ಶ್ವೇತಳನ್ನು ಕರೆದುಕೊಂಡು ಸಿಂಧಘಟ್ಟಕ್ಕೆ ಹೋಗಿ ನಡೆದದ್ದೆಲ್ಲ ಹೇಳಿದೆ. ದೂರು ಕೊಟ್ಟರೆ ನಾನೇ ಸಾಕ್ಷಿ ಹೇಳುತ್ತೇನೆ ಎಂದೂ ಹೇಳಿ ಬಂದೆ. ಕರಿಯಯ್ಯ ಶ್ವೇತಳ ಕೈ ಹಿಡಿದು, “ತಪ್ಪಾಗೋಯ್ತು ಕಣವ್ವ” ಎಂದ. ನನ್ನ ಮುಖ ನೋಡಲಿಲ್ಲ. ನೋಡಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ.

ಶ್ವೇತ ಕೆಲಸಕ್ಕೆ ಮರಳಿದ್ದಾಳೆ. ವಾರ್ಡಿನ ಗೋಡೆ ಕೊರೆಯುತ್ತಿದ್ದಾರೆ. ನೋಡಲು ಅಸಹ್ಯವಾಗಿದೆ, ಇರಲಿ. ನಿನ್ನ ಪಾಲುದಾರಿಕೆ ಮುಗಿಯಿತು.

ದೇವರು ನಿನಗೆ ಒಳ್ಳೆಯ ಆರೋಗ್ಯ ಕೊಡಲಿ. ಎಂದಾದರೂ ಕಾಯಿಲೆಯಾದರೆ ಬಾ, ಮಂಚ ಕೊಡುತ್ತೇನೆ, ನಾನೇ ನೋಡಿಕೊಳ್ಳುತ್ತೇನೆ. ಕುರ್ಚಿ ಮಾತ್ರ ಕೇಳಬೇಡ.

ಇನ್ನೂ ನಿನ್ನ ಅಕ್ಕನೇ ಆಗಿರುವ,
ಇಂದಿರ