ನೂರಕ್ಕೆ ನೂರು ಶೇಂಗಾ ಚಟ್ನಿ

ಧನಕವಡಿ, ಪುಣೆ
18 ಜುಲೈ 2025, ಶುಕ್ರವಾರ

ನನ್ನ ಮುದ್ದು ಅವ್ವ,

ಖಾಲಿ ಬುತ್ತಿಚೀಲದ ಜೊತೆ ಈ ಕಾಗದವೂ ವಿಜಯಪುರದ ಬಸ್ಸು ಹತ್ತುತ್ತಿದೆ. ಮೊದಲು ಕೂತು ಓದು, ಒಲೆ ಆಮೇಲೆ. ಫೋನು ಮಾಡಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತಿ. ನಾವು ಗೆದ್ದೆವು ಅವ್ವ! ನಿನ್ನ ಚಟ್ನಿಯ ಹೆಸರು ಉಳಿಯಿತು!

ಮನೆಯಡುಗೆಯ ಸರಕು ಮಾರುವ ನಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ನಿನ್ನ ‘100% ಶೇಂಗಾ ಚಟ್ನಿ’ಯ ಪುಟ ತೆರೆಯುತ್ತಲೇ ಇರಲಿಲ್ಲ. ನಿನಗೆ ಹೇಳಿರಲಿಲ್ಲ. ಹಾಗಾದರೆ ಡಬ್ಬಿಗಳು ಯಾರಿಗೆ ಹೋದವು ಎಂದು ಈಗಲೇ ಕೇಳಬೇಡ. ನಮ್ಮ ಸಾಹೇಬರು ಓಂಕಾರ್, ಶನಿವಾರದೊಳಗೆ ಹೆಸರಿನಿಂದ ‘100%’ ತೆಗೆಯದಿದ್ದರೆ ಪುಟವನ್ನೇ ತೆಗೆಯುತ್ತೇನೆ ಎಂದಿದ್ದರು. ಕಾರಣ ಹೇಳದೆ ಹೆಸರು ಬದಲಿಸೋಣವೇ ಎಂದು ಕೇಳಿದರೆ ನೀನೋ, “ನೂರಕ್ಕ ನೂರು ತಗದ್ರ ನನ್ನ ಚಟ್ನಿನೂ ತಗದಬಿಡು. ಅದರಾಗ ಒಂದು ಕಾಳು ಪುಟಾಣಿ ಬೆರಸಿಲ್ಲ ನಾ” ಎಂದು ಫೋನಿಟ್ಟೆ.

ಪ್ರತಿ ಪುಟದ ವೆಬ್ ವಿಳಾಸದಲ್ಲಿ ಸರಕಿನ ಹೆಸರೂ ಇರುತ್ತದೆ. ಆದರೆ ಅದರಲ್ಲಿ ಕನ್ನಡವಾಗಲಿ, % ಗುರುತಾಗಲಿ ಇದ್ದ ಹಾಗೆ ಹೋಗುವುದಿಲ್ಲ. ಸಂಕೇತಗಳಲ್ಲಿ ಕಟ್ಟಿ ಕಳಿಸುತ್ತಾರೆ, ಇತ್ತ ಬಂದ ಮೇಲೆ ಬಿಚ್ಚಬೇಕು. ಇದಕ್ಕೆ ನಾವು ಬೇರೆಯವರು ಬರೆದಿಟ್ಟ ಕೋಡು ಬಳಸುತ್ತೇವೆ, ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಅದು ವಿಳಾಸವನ್ನು ತುಂಡು ಮಾಡಿಕೊಡುತ್ತದೆಂದು ಗೊತ್ತಿತ್ತು. ಬಿಚ್ಚಿಯೂ ಕೊಡುತ್ತದೆಯೇ? ಎಲ್ಲೂ ಬರೆದಿರಲಿಲ್ಲ. ಇರಲಿ ಎಂದು ನಾವೂ ಬಿಚ್ಚುತ್ತಿದ್ದೆವು.

ಕಳೆದ ವಾರ ನಿನ್ನ ಬುತ್ತಿ ಬಂತಲ್ಲ, ನನ್ನ ರೂಮಿನ ತೃಪ್ತಿ ಆಗಲೇ ಗಂಟು ಬಿಚ್ಚಿಟ್ಟಿದ್ದಳು. ನನಗದು ತಿಳಿಯದೆ, ಕೈಗೆ ಸಿಕ್ಕಿದ್ದೇ ಗಂಟೆಂದು ಚಟ್ನಿಯ ಚೀಲವನ್ನೇ ಹರಿದೆ. ರೂಮು ತುಂಬ ಖಾರ! ನಾನು ಬಿಚ್ಚಿಯಾಗಿತ್ತಲ್ಲೇ ಎಂದು ಅವಳು ಮರಾಠಿಯಲ್ಲಿ ಕಿರುಚಿದಳು. ಸೀನುತ್ತಲೇ ನನಗೆ ಹೊಳೆಯಿತು.

ಕೂಡಲೇ ಲೈಬ್ರರಿ ಬರೆದವರನ್ನು ಕೇಳಿದೆ. ಇಂದು ಬೆಳಿಗ್ಗೆ ಉತ್ತರ ಬಂತು: ನಾವು ಒಮ್ಮೆ ಬಿಚ್ಚಿಯೇ ಕೊಡುತ್ತೇವೆ, ನೀವು ಮತ್ತೆ ಬಿಚ್ಚಬೇಡಿ. ಬೇರೆಯವರ ಸರಕಿನ ಹೆಸರಿನಲ್ಲಿ % ಇಲ್ಲ, ಎರಡನೇ ಸಲ ಬಿಚ್ಚಲು ಏನೂ ಸಿಗುತ್ತಿರಲಿಲ್ಲ. ನಿನ್ನದರಲ್ಲಿ % ಕಂಡು, ಇನ್ನೂ ಗಂಟಿದೆ ಎಂದುಕೊಂಡು ನಮ್ಮ ಕೋಡು ಮುಗ್ಗರಿಸುತ್ತಿತ್ತು. ಒಂದು ಸಾಲು ಅಳಿಸಿದೆ, ಪುಟ ತೆರೆಯಿತು! ಕುರ್ಚಿ ಬಿಟ್ಟು ಕುಣಿದೆ ಅವ್ವ, ಓಂಕಾರ್ ಸಾಹೇಬರೂ ನಕ್ಕುಬಿಟ್ಟರು. ಲೈಬ್ರರಿಯವರು ಈ ಮಾತನ್ನು ತಮ್ಮ ಕೈಪಿಡಿಗೆ ಸೇರಿಸಿದ್ದಾರೆ, ಉದಾಹರಣೆಗೆ ನಿನ್ನ ಚಟ್ನಿಯ ಹೆಸರನ್ನೇ ಕೊಟ್ಟಿದ್ದಾರೆ. ಎಲ್ಲೆಲ್ಲಿಯವರೋ ಇನ್ನು ನಿನ್ನ ಚಟ್ನಿಯಿಂದ ಬಿಚ್ಚುವುದನ್ನು ಕಲಿಯುತ್ತಾರೆ!

ಮಧ್ಯಾಹ್ನ ಚಿಂಚವಾಡದ ದುರ್ಗಾ ಎನ್ನುವವರು ಎರಡು ಡಬ್ಬಿ ಕೇಳಿದ್ದಾರೆ. ಬೇಗ ಕಳಿಸು.

ನಿನ್ನ ಚಟ್ನಿ ತಿಂದು ಬೆಳೆದ
ರೇಣು

ತಾ.ಕ.: ಇಷ್ಟು ದಿನ ಕೊಂಡವಳು ನಾನೇ ಅವ್ವ. ನೀನು ಎದೆಗುಂದಬಾರದು ಅನ್ನಿಸಿತು. ಡಬ್ಬಿಗಳು ನನ್ನ ಮಂಚದ ಕೆಳಗಿವೆ, ತೃಪ್ತಿ ಬ್ರೆಡ್ಡಿಗೂ ಹಚ್ಚಿಕೊಂಡು ತಿನ್ನುತ್ತಿದ್ದಾಳೆ. ದುರ್ಗಾ ಅವರಿಗೆ ಅದರಲ್ಲೇ ಎರಡು ಕೊಡಬಹುದಿತ್ತು, ಮನಸ್ಸು ಬರಲಿಲ್ಲ. ನಿನ್ನ ಮೊದಲನೆಯ ನಿಜವಾದ ಗಿರಾಕಿ ಅವರು. ಹೊಸದಾಗಿ ಕುಟ್ಟಿ ಕಳಿಸು.